ತ್ಯಾಗವೆಂದರೆ ಯಾವುದು?



'ತ್ಯಾಗ' ಎಂಬ ಶಬ್ದವನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. 'ತ್ಯಜ್' ಎಂಬ ಧಾತುವಿನಿಂದ ಹುಟ್ಟಿದ ಶಬ್ದವಿದು, ಬಿಡುವುದು ಎಂದರ್ಥ. ಕೈಜಾರಿ ಹೋದದ್ದು ನಷ್ಟ. ಇಟ್ಟುಕೊಳ್ಳುವ ಅವಕಾಶವಿದ್ದೂ ಬಿಟ್ಟುಕೊಟ್ಟದ್ದು ತ್ಯಾಗ. ಇದಕ್ಕೆ ಪುರಾಣದ ದೃಷ್ಟಾಂತವೇ ಬೇಕೆಂದಿಲ್ಲ. ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಎಂಬ ಕಾಲ್ದಳದ ಯೋಧನ ಚರಿತ್ರೆಯನ್ನು ಕೇಳಿರಿ.

ಈಗ ಜಾರ್ಖಂಡಕ್ಕೆ ಸೇರಿರುವ ಗುಮ್ಲಾ ಸೀಮೆಯ ಜಾರಿ ಗ್ರಾಮದ ಆದಿವಾಸಿ ಕುಟುಂಬದಲ್ಲಿ 1942ರ ಡಿಸೆಂಬರ್ 27ರಂದು ಆತನ ಜನನ. 1962ರಲ್ಲಿ ಬಿಹಾರ ರೆಜಿಮೆಂಟನ್ನು ಸೇರಿ, ಮುಂದೆ ಗಾರ್ಡ್ಸ್ ದಳದ 14ನೆಯ ಬೆಟಾಲಿಯನ್ನಿಗೆ ಬಂದನು. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ಒದಗಿತು. ಅಗರ್ತಲಾದ ಗಡಿಯಾಚೆ, ಇಂದಿನ ಬಾಂಗ್ಲಾದೇಶದಲ್ಲಿರುವ ಗಂಗಾಸಾಗರವನ್ನು ಹಿಡಿಯುವ ಕಾರ್ಯ ಆ ಬೆಟಾಲಿಯನ್ನಿನ ಪಾಲಿಗೆ ಬಂದಿತು.

ಶತ್ರುವಿನ ಮೆಷಿನ್ ಗನ್ನೊಂದು ಸಂಗಡಿಗರನ್ನು ಉರುಳಿಸುತ್ತಿದ್ದುದನ್ನು ಎಕ್ಕಾ ಕಂಡನು. ಒಬ್ಬನೇ ಆ ಬಂಕರಿಗೆ ನುಗ್ಗಿ, ಬಯೊನೆಟ್ಟಿನಿಂದ ಇಬ್ಬರನ್ನು ಇರಿದು, ಅದರ ಬಾಯಿ ಮುಚ್ಚಿಸಿದನು. ತಾನೂ ಬಲವಾಗಿ ಗಾಯಗೊಂಡನು.

ಇಲ್ಲಿ ಸ್ವಲ್ಪ ವಿಚಾರ ಮಾಡಬೇಕು. ಆತನ ಪಾಲಿನ ಕೆಲಸ ಮುಗಿದಿತ್ತು. ಹಿಂದಕ್ಕೆ ಸರಿದು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡಿದ್ದರೆ ಯಾರೂ ಹೇಡಿಯೆನ್ನುತ್ತಿರಲಿಲ್ಲ. ಪ್ರಾಣವಿನ್ನೂ ಆತನ ಕೈಯಲ್ಲಿಯೇ ಇತ್ತು. ಆದರೂ ಆತ ಸಂಗಡಿಗರನ್ನು ಬಿಡಲಿಲ್ಲ. ಒಂದು ಮೈಲಿಯುದ್ದಕ್ಕೂ ಬಂಕರುಗಳನ್ನು ತೆರವು ಮಾಡುತ್ತ ಅವರೊಡನೆ ನಡೆದನು. ಕೊನೆಗೆ ಎರಡಂತಸ್ತಿನ ಕಟ್ಟಡದ ಮೇಲಿನಿಂದ ಮತ್ತೊಂದು ಮೆಷಿನ್ ಗನ್ನು ಗುಂಡಿನ ಮಳೆಗರೆಯಿತು. ರಕ್ತ ಸೋರುತ್ತಿದ್ದ ದೇಹದಿಂದಲೇ ತೆವಳಿ ಹೋಗಿ ಗ್ರೆನೇಡ್ ಎಸೆದನು. ಗನ್ನು ನಿಲ್ಲಲಿಲ್ಲ. ಪಕ್ಕದ ಗೋಡೆಯನ್ನೇರಿ ಒಳಹೊಕ್ಕು ಅದನ್ನೂ ಅಡಗಿಸಿದನು. ದಾಳಿ ಜಯವಾಯಿತು, ಆತ ಉಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ತುಂಬಲು ಒಂದು ತಿಂಗಳೂ ಇರಲಿಲ್ಲ.

ಮೊದಲನೆಯ ಸಲ ನುಗ್ಗಿದ್ದನ್ನು ಆವೇಶವೆಂದು ಕರೆಯಬಹುದು. ನೋವೇನೆಂದು ತಿಳಿದ ಮೇಲೂ ಎರಡನೆಯ ಸಲ ಎದ್ದನಲ್ಲ, ಅದೇ ತ್ಯಾಗ.

ಡಿಸೆಂಬರ್ 16ರಂದು ಢಾಕಾದಲ್ಲಿ ಶತ್ರುಸೇನೆ ಶರಣಾಯಿತು. ಎಕ್ಕಾನಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ದೇಹ ಮಾತ್ರ ದೂರದ ತ್ರಿಪುರಾದ ಮಣ್ಣಿನಲ್ಲಿ ಉಳಿಯಿತು. ಊರಿನಲ್ಲಿ ಹೆಂಡತಿ ಮತ್ತು ಪುಟ್ಟ ಮಗ ಉಳಿದರು.

ನಿಮ್ಮ ಊರುಗಳಲ್ಲಿಯೂ ಸೈನಿಕರ ಮನೆಗಳಿವೆ. ಪುಷ್ಪಮಾಲೆ ಹಾಕಿ ಜಯಕಾರ ಮಾಡಿದ ಮಾತ್ರಕ್ಕೆ ಆ ಋಣ ತೀರದು. ಬಿತ್ತನೆಯ ಹೊತ್ತಿಗೆ ಅಂಥ ಮನೆಯ ಹೊಲಕ್ಕೆ ಒಂದು ದಿನ ದುಡಿಯಿರಿ. ಆ ಮಕ್ಕಳ ಓದನ್ನು ವಿಚಾರಿಸಿರಿ. ಒಮ್ಮೆ ಮಾಡಿ ಮರೆಯಬೇಡಿರಿ. ಎರಡನೆಯ ವರ್ಷವೂ ಹೋಗಿರಿ.

ಸರ್ವರಿಗೂ ಸನ್ಮಂಗಳವಾಗಲಿ.