ಗ್ಯಾಲರಿಯ ಕೂಗಿಗೆ ಪತ್ರಿಕೆಯ ಸಾಕ್ಷಿ

ಎದುರಾಳಿ ತಂಡವನ್ನು ಹಂಗಿಸಿ ಹಾಡುವುದು ಇಂಗ್ಲೆಂಡಿನ ಫುಟ್‌ಬಾಲ್ ಗ್ಯಾಲರಿಗಳಲ್ಲಿ ಹಳೆಯ ರೂಢಿ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ನಡುವೆ ಮಾತ್ರ ಈ ಹಂಗು ಸತ್ತವರನ್ನೂ ಬಿಟ್ಟಿಲ್ಲ. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಯುನೈಟೆಡ್‌ನ 8 ಆಟಗಾರರೂ ಸೇರಿ 23 ಮಂದಿ ತೀರಿಕೊಂಡರು. ಲಿವರ್‌ಪೂಲ್ ಕಡೆಯ ಕೆಲವರು ರೆಕ್ಕೆಯಂತೆ ಕೈ ಚಾಚಿ ಅದನ್ನು ಅಣಕಿಸಿದ್ದುಂಟು.

ಇದಕ್ಕೆ ಎದುರು ಕಡೆಯ ಉತ್ತರ ಹಿಲ್ಸ್‌ಬರೊ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಆ ಮೈದಾನದಲ್ಲಿ, ಬೇಲಿ ಹಾಕಿದ ಆವರಣದೊಳಗೆ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್‌ನ ಅಭಿಮಾನಿಗಳು ಪ್ರಾಣ ಬಿಟ್ಟರು. ಅಂದಿನ ಗಾಯದಿಂದಲೇ 2021ರಲ್ಲಿ ತೀರಿಕೊಂಡವರೂ ಸೇರಿ ಸತ್ತವರು 97 ಮಂದಿ. ಈ ಬಗ್ಗೆ ಎದ್ದ ಒಂದು ಕೂಗಿನ ತಾತ್ಪರ್ಯವನ್ನು ಗಮನಿಸಬೇಕು: ‘ದಿ ಸನ್’ ಬರೆದದ್ದೇ ಸರಿ, ಕೊಂದವರು ನೀವೇ! ಗ್ಯಾಲರಿಯೊಂದು ಪತ್ರಿಕೆಯನ್ನು ಸಾಕ್ಷಿಗೆ ಕರೆಯುವುದು ಅಪರೂಪ.

ಪತ್ರಿಕೆ ಬರೆದದ್ದೇನು? ದುರಂತದ ನಾಲ್ಕನೆಯ ದಿನ, ಏಪ್ರಿಲ್ 19ರಂದು, ‘ಸತ್ಯ’ ಎಂಬರ್ಥದ ದಪ್ಪಕ್ಷರದ ತಲೆಬರಹದಡಿ, ಅಭಿಮಾನಿಗಳು ಹೆಣಗಳ ಜೇಬು ಕತ್ತರಿಸಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು ಎಂದು ಅಚ್ಚಾಯಿತು. ಶೆಫೀಲ್ಡ್‌ನ ಸುದ್ದಿಸಂಸ್ಥೆಯೊಂದು ಪೊಲೀಸರಿಂದಲೂ ಸ್ಥಳೀಯ ಸಂಸತ್ ಸದಸ್ಯರಿಂದಲೂ ಸಂಗ್ರಹಿಸಿದ ಮಾತುಗಳವು. ಬೇರೆ ಪತ್ರಿಕೆಗಳೂ ಅವನ್ನು ಪ್ರಕಟಿಸಿದವು. ಅನುಮಾನಕ್ಕೆ ಎಡೆಯೇ ಇಲ್ಲವೆಂಬಂತೆ ಸಾರಿದ್ದು ಆ ತಲೆಬರಹ.

ಅದೇ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಟೇಲರ್ ವರದಿ, ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಎಂದಿತು. ಸುಳ್ಳು ಅಷ್ಟಕ್ಕೇ ಸಾಯಲಿಲ್ಲ. 2012ರ ಸೆಪ್ಟೆಂಬರ್ 12ರಂದು ಸ್ವತಂತ್ರ ಸಮಿತಿಯೊಂದು, ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತೆಂದು ಬಯಲು ಮಾಡಿತು. ಪತ್ರಿಕೆಯ ಅಂದಿನ ಸಂಪಾದಕ ಕೆಲ್ವಿನ್ ಮೆಕೆನ್ಜಿ ಕ್ಷಮೆ ಕೇಳಿದರು, 23 ವರ್ಷದ ಮೇಲೆ! ಅದಾಗಿ ಮೂರೇ ದಿನಕ್ಕೆ ಓಲ್ಡ್ ಟ್ರಾಫರ್ಡ್‌ನಲ್ಲಿ ಯುನೈಟೆಡ್‌ನ ಕೆಲವರು ಲಿವರ್‌ಪೂಲಿನವರನ್ನು ಹಂಗಿಸಿ ಮತ್ತೆ ಕೂಗಿದರು. ತಂಡದ ವ್ಯವಸ್ಥಾಪಕ ಅಲೆಕ್ಸ್ ಫರ್ಗುಸನ್ ಮುಂದಿನ ವಾರ ಆನ್‌ಫೀಲ್ಡ್‌ಗೆ ಹೊರಟ ತಮ್ಮ ಅಭಿಮಾನಿಗಳಿಗೆ ಪತ್ರವನ್ನೇ ಬರೆಯಬೇಕಾಯಿತು.

ಇಂಥ ಕೂಗನ್ನು ‘ಅಸಹ್ಯ’ ಎಂದು ಜರಿದು ಸುದ್ದಿ ಮುಗಿಸುವುದು ಪತ್ರಿಕೆಗಳಿಗೆ ಸುಲಭ. ಕೂಗಿನಲ್ಲಿರುವುದು ಸುಳ್ಳು ಎಂದೂ, ಆ ಸುಳ್ಳು ಮೊದಲು ಅಚ್ಚಾದದ್ದು ಎಲ್ಲಿ ಎಂದೂ ಹೇಳದಿದ್ದರೆ, ಓದುಗನಿಗೆ ಉಳಿಯುವುದು ಒರಟು ಜನರ ಚಿತ್ರ ಮಾತ್ರ. ಅಭಿಮಾನಿಗಳ ನಡತೆ ದುರಂತಕ್ಕೆ ಕಾರಣವಲ್ಲ, ಸತ್ತವರದು ಕಾನೂನುಬಾಹಿರ ಹತ್ಯೆ ಎಂದು 2016ರಲ್ಲಿ ಜ್ಯೂರಿ ತೀರ್ಪಿತ್ತಿದೆ. ಮರುವರ್ಷ ಲಿವರ್‌ಪೂಲ್ ಕ್ಲಬ್ಬು ‘ದಿ ಸನ್’ ವರದಿಗಾರರಿಗೆ ತನ್ನ ಮೈದಾನದ ಬಾಗಿಲು ಮುಚ್ಚಿತು.