ನಿಜವನ್ನಾಡಿದರೂ ಮಾನಹಾನಿಯೇ?



‘ಸುಳ್ಳೇನೂ ಹೇಳಲಿಲ್ಲ, ಇದ್ದುದನ್ನೇ ಹೇಳಿದೆವು’ ಎಂಬ ಮಾತನ್ನು ನಾವೆಲ್ಲರೂ ಆಗಾಗ ಆಡುತ್ತೇವೆ. ಒಬ್ಬರ ಮಾನಕ್ಕೆ ಕುಂದು ತರುವ ಸಂಗತಿಯು ನಿಜವಾಗಿದ್ದರೆ ಅದನ್ನು ಊರಿಗೆಲ್ಲ ಹಬ್ಬಿಸಲು ನಮಗೆ ಅಧಿಕಾರವುಂಟೇ? ಈ ಪ್ರಶ್ನೆಯನ್ನು ಇಂದು ಕೊಂಚ ವಿಚಾರಿಸೋಣ. ರಾಜ್ಯದ ಗಡಿಯ ಆಚೆಗೂ ಈಚೆಗೂ ಈ ವಿಷಯದಲ್ಲಿ ಕಾನೂನು ಒಂದೇ ಆಗಿರುವುದರಿಂದ, ನಮ್ಮ ಮಕ್ಕಳು ಎಲ್ಲಿ ಬಾಳಿದರೂ ಇದನ್ನು ತಿಳಿದಿರುವುದು ಒಳಿತು.

ಮಾನಹಾನಿಗೆ ಒಳಗಾದವರು ಎರಡು ಬಗೆಯಲ್ಲಿ ನ್ಯಾಯ ಬೇಡಬಹುದು. ಮೊದಲನೆಯದು ನಷ್ಟಪರಿಹಾರ ಕೇಳುವ ಸಿವಿಲ್ ದಾವೆ. ಆಡಿದ ಮಾತು ನಿಜವೆಂದು ಪ್ರತಿವಾದಿಯು ರುಜುವಾತುಪಡಿಸಿದರೆ ಆ ದಾವೆ ನಿಲ್ಲದು. ಎರಡನೆಯದು ಕ್ರಿಮಿನಲ್ ಮೊಕದ್ದಮೆ. ಅಲ್ಲಿ ಸತ್ಯವೊಂದೇ ಸಾಲದು. 1837ರಲ್ಲಿ ಮೆಕಾಲೆಯವರ ಮುಂದಾಳುತನದಲ್ಲಿ ಸಿದ್ಧವಾದ ದಂಡಸಂಹಿತೆಯ ಕರಡಿನಲ್ಲಿ, ನಿಜವನ್ನು ಹೇಳುವುದು ಮಾನಹಾನಿಯಲ್ಲವೆಂದೇ ಇದ್ದಿತು. ಆದರೆ 1860ರಲ್ಲಿ ಅದು ಶಾಸನವಾದಾಗ 499ನೆಯ ಕಲಮಿನ ಮೊದಲನೆಯ ವಿನಾಯಿತಿಯಲ್ಲಿ ಇನ್ನೊಂದು ನಿಬಂಧನೆ ಸೇರಿತು: ಮಾತು ನಿಜವಾಗಿದ್ದರೆ ಸಾಲದು, ಅದನ್ನು ಪ್ರಕಟಪಡಿಸುವುದು ಸಾರ್ವಜನಿಕ ಹಿತಕ್ಕೆ ಅವಶ್ಯವೂ ಆಗಿರಬೇಕು. ಈ ಕಾನೂನನ್ನು 2016ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿಯೂ ಅದೇ ನಿಯಮವುಂಟು. ತಪ್ಪಿತಸ್ಥರಿಗೆ 2 ವರ್ಷಗಳವರೆಗೆ ಸಾದಾ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ, ಅಥವಾ ಸಮುದಾಯ ಸೇವೆ ವಿಧಿಸಬಹುದು.

ಎರಡು ದೃಷ್ಟಾಂತಗಳನ್ನು ಊಹಿಸಿಕೊಳ್ಳೋಣ. ಒಬ್ಬ ವರ್ತಕನು ಆಹಾರ ಪದಾರ್ಥಕ್ಕೆ ವಿಷಕಾರಿ ವಸ್ತುವನ್ನು ಬೆರೆಸಿ ಮಾರುತ್ತಿದ್ದಾನೆ. ಆಧಾರವಿಟ್ಟುಕೊಂಡು ಅದನ್ನು ಸಾರಿ ಹೇಳಿದರೆ ಅವನ ಹೆಸರು ಕೆಡುವುದು ನಿಜ. ಆದರೆ ಊರಿನ ಮಕ್ಕಳು ಉಳಿಯುತ್ತಾರೆ. ಇನ್ನೊಬ್ಬನು ಹಿಂದೆಂದೋ ಒಂದು ಅಪರಾಧಕ್ಕೆ ಸೆರೆವಾಸ ಅನುಭವಿಸಿ ಬಂದು, ಈಗ ಕೂಲಿ ಮಾಡಿ ಮಗಳನ್ನು ಓದಿಸುತ್ತಿದ್ದಾನೆ. ಆ ಹಳೆಯ ಕಥೆಯನ್ನು ಅವಳ ಸಹಪಾಠಿಗಳ ಕಿವಿಗೆ ಹಾಕಿದರೆ ಯಾವ ಸಾರ್ವಜನಿಕ ಹಿತ ಸಾಧಿಸೀತು? ಆ ಬಾಲೆ ಶಾಲೆಗೆ ಬರುವುದನ್ನೇ ಬಿಟ್ಟಾಳು. ಎರಡೂ ನಿಜವೇ, ಆದರೆ ಎರಡೂ ಒಂದೇ ಅಲ್ಲ.

ಹಾಗಾದರೆ ಅನ್ಯಾಯವನ್ನು ಕಂಡೂ ಬಾಯಿ ಮುಚ್ಚಿಕೊಂಡಿರಬೇಕೇ? ಖಂಡಿತ ಇಲ್ಲ. ಸರಕಾರಿ ನೌಕರರು ತಮ್ಮ ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳುವುದಕ್ಕೆ ಕಾನೂನಿನಲ್ಲಿಯೇ ವಿನಾಯಿತಿಯುಂಟು. ವಿಚಾರಿಸುವ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ದೂರು ಕೊಡುವುದೂ ಮಾನಹಾನಿಯಲ್ಲ. ಆದುದರಿಂದ ಮಕ್ಕಳೇ, ಯಾರಾದರೂ ನಿಮಗೆ ಕೇಡು ಮಾಡಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ತಂದೆತಾಯಿಗಳಿಗೂ ಮುಖ್ಯೋಪಾಧ್ಯಾಯರಿಗೂ ಹೇಳಲು ಅಂಜಬೇಡಿರಿ. ಪೋಷಕರೂ ‘ಮಾನ ಹೋದೀತು’ ಎಂದು ಅದನ್ನು ಮುಚ್ಚಿಡಬಾರದು. ದೂರು ಕೊಡುವುದು ಬೇರೆ, ದೂರುತ್ತ ತಿರುಗುವುದು ಬೇರೆ.

ಹಿಂದೆ ಜಗಲಿಯ ಮಾತು ನಾಲ್ಕು ಮನೆಗಳಿಗೆ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಇಂದು ಕೈಯಲ್ಲಿರುವ ಫೋನಿನಿಂದ ಕ್ಷಣಮಾತ್ರದಲ್ಲಿ ನೂರು ಮನೆಗಳಿಗೆ ಮುಟ್ಟುತ್ತದೆ. ಪರರು ಕಳುಹಿಸಿದ್ದನ್ನೇ ನಾವು ಮುಂದಕ್ಕೆ ಕಳುಹಿಸಿದೆವೆಂಬ ಸಮಾಧಾನವು ನಮ್ಮನ್ನು ಕಾಪಾಡಲಾರದು.

ಸತ್ಯಕ್ಕೆ ನಾವು ಹರಿಶ್ಚಂದ್ರನನ್ನು ಸ್ಮರಿಸುತ್ತೇವೆ. ಅವನು ಸತ್ಯಕ್ಕಾಗಿ ತನ್ನ ರಾಜ್ಯವನ್ನು ತೆತ್ತನು. ನೆರೆಯವರ ಗುಟ್ಟನ್ನು ಮಾರಲಿಲ್ಲ. ಆದಕಾರಣ ಒಬ್ಬರ ಹೆಸರೆತ್ತುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದು ನಿಜವೇ? ಹೇಳುವುದರಿಂದ ಯಾರಿಗೆ ಹಿತ? ಇದನ್ನು ಕೇಳಬೇಕಾದವರು ಯಾರು? ಈ ಮೂರಕ್ಕೂ ಉತ್ತರ ದೊರೆತರೆ ಧೈರ್ಯವಾಗಿ ಹೇಳೋಣ; ದೊರೆಯದಿದ್ದರೆ ಆ ಮಾತು ನಮ್ಮಲ್ಲಿಯೇ ಉಳಿಯಲಿ.