ಕಣ್ಣಿಗೆ ಕಾಣದ ಗಾರೆ

ಚೆನ್ನೈನ ಪೆರುಂಗುಡಿಯಲ್ಲಿ ಬೋರ್‌ವೆಲ್ ನೀರು ಬರುವ ಮನೆಗಳ ನಲ್ಲಿ ನೋಡಿದ್ದೀರಾ? ಬಾಯಿಯ ಸುತ್ತ ಬೆಳ್ಳಗೆ ಗಾರೆ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಹಲ್ಲಿಗೂ ಅಂಥದೇ ಗಾರೆ ಕಟ್ಟುತ್ತದೆ. "ಎಲ್ಲಾ ಈ ಚೆನ್ನೈ ನೀರಿನ ಮಹಿಮೆ" ಎಂದು ದೊಡ್ಡವರು ಗೊಣಗುವುದುಂಟು. ಪಾಪ, ನೀರನ್ನು ಬೈದು ಪ್ರಯೋಜನವಿಲ್ಲ. ಈ ಗಾರೆಗೆ ಬೇಕಾದ ಕ್ಯಾಲ್ಸಿಯಂ, ಫಾಸ್ಫೇಟ್ ನಮ್ಮ ಎಂಜಲಿನಲ್ಲೇ ಇವೆ. ಸರಿಯಾಗಿ ಉಜ್ಜದೆ ಉಳಿದ ಮೆತ್ತನೆಯ ಪಾಚಿಯೊಳಗೆ ಅವು ಸೇರಿಕೊಂಡರೆ ಕೆಲವೇ ದಿನಗಳಲ್ಲಿ ಪಾಚಿ ಗಟ್ಟಿಯಾಗತೊಡಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ಇದರ ಕಾಟ ಜಾಸ್ತಿ. ನಾಲಿಗೆಯಡಿ ಎಂಜಲು ಒಸರುವ ರಂಧ್ರಗಳು ಅಲ್ಲೇ ಇವೆಯಲ್ಲ!

ಇದಾದರೂ ಕಣ್ಣಿಗೆ ಬೀಳುತ್ತದೆ. ಕಾಣದ ಗಾರೆಯೂ ಉಂಟು. ಹಲ್ಲಿಗೂ ವಸಡಿಗೂ ನಡುವೆ ಒಂದು ಕಿರಿದಾದ ಸಂದು ಇದೆ. ವಸಡು ಚೆನ್ನಾಗಿದ್ದರೆ 1ರಿಂದ 3 ಮಿಲಿಮೀಟರ್ ಆಳ, ಅಷ್ಟೆ. ವಸಡಿನ ಕಾಯಿಲೆ ಬಂದರೆ ಸಂದು ಆಳವಾಗಿ, ಒಳಗೆ ಹಲ್ಲಿನ ಬೇರಿನ ಮೇಲೂ ಗಾರೆ ಕೂರುತ್ತದೆ. ಅಲ್ಲಿ ಖನಿಜ ಒದಗಿಸುವುದು ವಸಡಿನಿಂದ ಜಿನುಗುವ ದ್ರವ. ರಕ್ತದ ಬಣ್ಣವೂ ಬೆರೆಯುವುದರಿಂದ ಇದು ಕಂದು, ಕೆಲವೊಮ್ಮೆ ಕಪ್ಪು. ಮಕ್ಕಳಲ್ಲಿ ಅಪರೂಪ. ಅಪ್ಪ, ಅಮ್ಮ, ಅಜ್ಜಿಯ ಬಾಯಲ್ಲಿ ಹುಡುಕಿದರೆ ಸಿಕ್ಕೀತು!

ಹುಡುಕುವುದು ಹೇಗೆ? ಡಾಕ್ಟರು ಸಂದಿಗೆ ಮೆಲ್ಲಗೆ ಗಾಳಿ ಊದುತ್ತಾರೆ. ವಸಡು ಸ್ವಲ್ಪ ಅಗಲಿ, ಅಂಚಿನ ಹತ್ತಿರವಿದ್ದ ಗಾರೆ ಇಣುಕುತ್ತದೆ. ಎಕ್ಸ್‌ರೇಯಲ್ಲಿ ಎರಡು ಹಲ್ಲುಗಳ ನಡುವಿನ ದಪ್ಪ ಗಾರೆ ಮುಳ್ಳಿನಂತೆ ಕಾಣುತ್ತದೆ. ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಅಂಟಿಕೊಂಡದ್ದು ಮಾತ್ರ ಹಲ್ಲಿನ ನೆರಳಿನಲ್ಲೇ ಅಡಗಿಬಿಡುತ್ತದೆ. ಆಗ ನೆರವಿಗೆ ಬರುವುದು ಎಕ್ಸ್‌ಪ್ಲೋರರ್ ಎಂಬ, ತುದಿ ಬಾಗಿದ ತೆಳು ಉಕ್ಕಿನ ಕಡ್ಡಿ. ಅದನ್ನು ಬೇರಿನ ಮೇಲೆ ಜಾರಿಸುತ್ತ ಹೋದರೆ, ಗಾರೆ ಇದ್ದಲ್ಲಿ ತುದಿ ತೊಡರಿ ಹಿಡಿಗೆ ಸಣ್ಣ ಕಂಪನ ಬರುತ್ತದೆ.

ನೀವೇ ಮಾಡಿ ನೋಡಿ. ನುಣುಪಾದ ಮೇಜಿನ ಮೇಲೆ ಒಂದು ಸಕ್ಕರೆ ಹರಳನ್ನು ಅಂಟುಪಟ್ಟಿ ಹಾಕಿ ಅಂಟಿಸಿ. ಕಣ್ಣು ಮುಚ್ಚಿ ಪೆನ್ಸಿಲನ್ನು ಅದರ ಮೇಲೆ ಹಾಯಿಸಿ. ಒಮ್ಮೆ ಬಿಗಿಯಾಗಿ ಹಿಡಿದು, ಇನ್ನೊಮ್ಮೆ ಹಗುರವಾಗಿ. ಹಗುರವಾಗಿ ಹಿಡಿದಾಗ ಹರಳು ಸ್ಪಷ್ಟವಾಗಿ ತಿಳಿಯುತ್ತದೆ. ಪೆರುಂಗುಡಿಗೆ ಹತ್ತಿರ, ಪಳ್ಳಿಕರಣೈಯಲ್ಲಿ ಶ್ರೀ ಬಾಲಾಜಿ ದಂತ ವೈದ್ಯಕೀಯ ಕಾಲೇಜಿದೆ. ಅಲ್ಲಾಗಲಿ ಬೆಂಗಳೂರಿನಲ್ಲಾಗಲಿ ದಂತವೈದ್ಯಕೀಯ ಓದುವವರು ಈ ಹಗುರ ಹಿಡಿತವನ್ನು ಕಲಿಯಲೇಬೇಕು.

ಬೆರಳೂ ಮೋಸಹೋಗುತ್ತದೆ. ಹಳೆಯ ಫಿಲ್ಲಿಂಗಿನ ಅಂಚು ಗಾರೆಯಂತೆ ತೊಡರುತ್ತದೆ. ಅರೆಬರೆ ಕೆರೆದು ನುಣುಪಾದ ಗಾರೆ ಇದ್ದರೂ ಇಲ್ಲದಂತೆ ನಟಿಸುತ್ತದೆ. ಅದಕ್ಕೇ ಹೊಸ ಉಪಾಯಗಳು ಬಂದಿವೆ. ಸುಮಾರು 1 ಮಿಲಿಮೀಟರ್ ದಪ್ಪದ ಎಳೆಯ ಮೂಲಕ ಸಂದಿನೊಳಗಿನ ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುವ ಕ್ಯಾಮೆರಾ ಇದೆ. ಇನ್ನೊಂದು ಉಪಕರಣ 655 ನ್ಯಾನೊಮೀಟರಿನ ಕೆಂಪು ಲೇಸರ್ ಬೆಳಕು ಬಿಡುತ್ತದೆ. ಶುಭ್ರ ಬೇರಿಗಿಂತ ಗಾರೆ ಹೆಚ್ಚು ಪ್ರತಿದೀಪಿಸುವುದರಿಂದ, ಅಂದರೆ ಆ ಬೆಳಕು ಬಿದ್ದಾಗ ತಾನೂ ಬೆಳಕು ಸೂಸುವುದರಿಂದ, ಉಪಕರಣ ಅದನ್ನು ಗುರುತಿಸುತ್ತದೆ. ರಕ್ತ ಅಡ್ಡಬಂದರೆ ಅದೂ ತಡವರಿಸಬಹುದು, ಬೆಲೆಯೂ ದುಬಾರಿ. ಹೀಗಾಗಿ ಸಾಮಾನ್ಯ ಕ್ಲಿನಿಕ್ಕುಗಳಲ್ಲಿ ಇವತ್ತಿಗೂ ಕಡ್ಡಿಯೇ ಮುಂದು. ಅಪ್ಪನ ಜೊತೆ ದಂತವೈದ್ಯರ ಬಳಿ ಹೋದಾಗ, ಕಡ್ಡಿ ಎಲ್ಲೆಲ್ಲಿ ತೊಡರಿತು ಎಂದು ಕೇಳಿ ನೋಡಿ.